ಸರಾಗವಾಗಿ ಓದುವ ಮಕ್ಕಳಿಗೆ ಅರ್ಥ ಯಾಕೆ ಆಗುವುದಿಲ್ಲ?

ಪ್ರಶ್ನೆ: ನಾನು ನಾಲ್ಕನೇ ತರಗತಿಗೆ ಪಾಠ ಮಾಡುತ್ತೇನೆ. ಮಕ್ಕಳು ತಪ್ಪಿಲ್ಲದೆ ಓದುತ್ತಾರೆ, ಪಾಠದ ಕೊನೆಯ ಪ್ರಶ್ನೆಗಳಿಗೆ ಉತ್ತರವನ್ನೂ ಬರೆಯುತ್ತಾರೆ. ಆದರೆ 'ಅವನು ಹಾಗೆ ಯಾಕೆ ಮಾಡಿದ?' ಎಂದು ಕೇಳಿದರೆ ಎಲ್ಲರೂ ಸುಮ್ಮನಾಗುತ್ತಾರೆ. ಪ್ರಶ್ನೋತ್ತರ ಇನ್ನೂ ಜಾಸ್ತಿ ಬರೆಸಬೇಕಾ?

ಉತ್ತರ: ದಯವಿಟ್ಟು ಬೇಡ. ಈ ವಾಕ್ಯ ನೋಡಿ: 'ಗಿಬ್ಬನು ಟುಂಬಿಯಲ್ಲಿ ಲಮ್ಮೆಯನ್ನು ಚುರಿದನು.' ಲಮ್ಮೆಯನ್ನು ಚುರಿದವರು ಯಾರು? ಗಿಬ್ಬ. ಎಲ್ಲಿ? ಟುಂಬಿಯಲ್ಲಿ. ಪೂರ್ತಿ ಅಂಕ ಸಿಕ್ಕಿತು, ಅರ್ಥ ಮಾತ್ರ ಚೂರೂ ಇಲ್ಲ, ಅಲ್ವಾ? ನಿಮ್ಮ ಮಕ್ಕಳು ಮಾಡುತ್ತಿರುವುದೂ ಇದೇ ಇರಬೇಕು. ಪ್ರಶ್ನೆಯಲ್ಲಿರುವ ಪದವನ್ನು ಪಾಠದಲ್ಲಿ ಹುಡುಕಿ, ಆ ಸಾಲನ್ನು ಹಾಗೇ ಇಳಿಸುತ್ತಾರೆ.

ಪ್ರಶ್ನೆ ಕೇಳಿದರೆ ಅರ್ಥವಾಯಿತೋ ಇಲ್ಲವೋ ಗೊತ್ತಾಗುತ್ತದೆ, ಅಷ್ಟೇ. ಅರ್ಥ ಮಾಡಿಕೊಳ್ಳುವುದು ಹೇಗೆ ಎಂದು ಬೇರೆಯಾಗಿಯೇ ಕಲಿಸಬೇಕು. ಅಮೆರಿಕದ ಸಂಶೋಧಕಿ ಡೊಲೊರೆಸ್ ಡರ್ಕಿನ್ 1970ರ ದಶಕದಲ್ಲಿ ನಾಲ್ಕನೇ ತರಗತಿಗಳಲ್ಲಿ ಕೂತು ಗಮನಿಸಿದಾಗ, ಓದಿನ ಪಾಠದ ಸಮಯದಲ್ಲಿ ಇದಕ್ಕೆ ಹೋಗಿದ್ದು ಶೇ. 1ಕ್ಕಿಂತಲೂ ಕಡಿಮೆ.

ನೀವೇ ಗಟ್ಟಿಯಾಗಿ ಓದಿ, ನಡುವೆ ನಿಲ್ಲಿಸಿ, ತಲೆಯಲ್ಲಿ ಓಡುತ್ತಿರುವುದನ್ನು ಬಾಯಿಬಿಟ್ಟು ಹೇಳಿ. 'ಹುಡುಗ ಕಿಟಕಿಯಾಚೆ ನೋಡಿದ. ಬ್ಯಾಟನ್ನು ಮೂಲೆಗೆ ಎಸೆದ' ಎಂದಿದ್ದರೆ, 'ಕೈಯಲ್ಲಿ ಬ್ಯಾಟ್ ಇತ್ತು, ಅಂದರೆ ಆಡೋಕೆ ಹೊರಟಿದ್ದ, ಹೊರಗೆ ಏನೋ ನೋಡಿ ಬೇಜಾರಾಗಿದೆ, ಮಳೆ ಇರಬಹುದಾ, ಮುಂದೆ ನೋಡೋಣ' ಎನ್ನಿ. ಮಳೆ ಎಂಬ ಪದ ಅಲ್ಲಿ ಇಲ್ಲವೇ ಇಲ್ಲ. ಚೆನ್ನಾಗಿ ಓದುವವರು ಇಂಥದ್ದನ್ನು ತಮಗೇ ಗೊತ್ತಾಗದಂತೆ ತುಂಬಿಕೊಳ್ಳುತ್ತಾರೆ, ಉಳಿದ ಮಕ್ಕಳಿಗೆ ಹೀಗೆ ತುಂಬಿಕೊಳ್ಳಬೇಕು ಅನ್ನುವುದೇ ಗೊತ್ತಿರುವುದಿಲ್ಲ. ನಿಮ್ಮ ಊಹೆ ತಪ್ಪಾದರೆ ಅದನ್ನೂ ಅವರೆದುರೇ ತಿದ್ದಿಕೊಳ್ಳಿ.

ಆಮೇಲೆ ಒಂದೊಂದು ಪ್ಯಾರಾಕ್ಕೆ ಒಂದೊಂದು ಮಗು ಟೀಚರ್ ಆಗಲಿ. ಸಾರ ಹೇಳಲಿ, ಪ್ರಶ್ನೆ ಕೇಳಲಿ, ತಿಳಿಯದ್ದನ್ನು ಗುರುತಿಸಲಿ, ಮುಂದೇನಾಗಬಹುದು ಎಂದು ಊಹಿಸಲಿ. ಸಂಶೋಧಕಿಯರಾದ ಪಾಲಿಂಕ್ಸರ್ ಮತ್ತು ಬ್ರೌನ್ 1984ರಲ್ಲಿ ಪ್ರಕಟಿಸಿದ ಈ ವಿಧಾನ, ಓದಲು ಬಂದರೂ ಅರ್ಥವಾಗದ ಮಕ್ಕಳಿಗೆ ಚೆನ್ನಾಗಿ ನೆರವಾಯಿತು.

ವಿಷಯದ ಪರಿಚಯವೂ ಬೇಕು. 1988ರ ಒಂದು ಅಧ್ಯಯನದಲ್ಲಿ ಬೇಸ್‌ಬಾಲ್ ಬಗ್ಗೆ ಓದಲು ಕೊಟ್ಟಿದ್ದರು. ಓದಿನಲ್ಲಿ ಹಿಂದಿದ್ದರೂ ಆಟ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದವರಿಗಿಂತ ಹೆಚ್ಚು ನೆನಪಿಟ್ಟುಕೊಂಡಿದ್ದರು. ಹಾಗಾಗಿ ಜೇನುನೊಣದ ಪಾಠವಿದ್ದರೆ ಪುಸ್ತಕ ತೆರೆಯುವ ಮುಂಚೆ ಐದು ನಿಮಿಷ ಜೇನುನೊಣದ ಬಗ್ಗೆ ಸುಮ್ನೆ ಮಾತಾಡಿ.

ಪ್ರಶ್ನೆ: ಮಗಳಿಗೆ ಒಂಬತ್ತು ವರ್ಷ. ಅಕ್ಷರ ಅಕ್ಷರ ಕೂಡಿಸಿ ಓದುತ್ತಾಳೆ, ಕೊನೆಗೆ ಕೇಳಿದರೆ ಏನೂ ನೆನಪಿರುವುದಿಲ್ಲ.

ಉತ್ತರ: ಅದೇ ಪಾಠವನ್ನು ನೀವು ಓದಿ ಹೇಳಿ, ಆಮೇಲೆ ಕೇಳಿ. ಕೇಳಿಸಿಕೊಂಡಾಗ ಅರ್ಥವಾಗುತ್ತದೆ ಎಂದರೆ ತೊಡಕು ಅಕ್ಷರದ್ದು. ಮನಸ್ಸೆಲ್ಲ ಅಕ್ಷರ ಕೂಡಿಸುವುದಕ್ಕೇ ಹೋದರೆ ಅರ್ಥಕ್ಕೆ ಏನು ಉಳಿಯುತ್ತದೆ? ಚಿಕ್ಕ, ಸುಲಭದ ಕಥೆಯನ್ನೇ ಮತ್ತೆ ಮತ್ತೆ ಓದಿಸಿ. ಕೇಳಿದರೂ ಅರ್ಥವಾಗದಿದ್ದರೆ ಮಾತು, ಕಥೆ, ಹೊಸ ಪದಗಳು ಜಾಸ್ತಿಯಾಗಬೇಕು. ಎರಡರಲ್ಲಿ ಯಾವುದಿದ್ದರೂ ನೀವು ಓದಿ ಹೇಳುವುದನ್ನು ಮಾತ್ರ ನಿಲ್ಲಿಸಬೇಡಿ.