ಪ್ರತಿಕ್ರಿಯೆ: ‘ದಿ ಎಬಿಸಿ ಮರ್ಡರ್ಸ್’ ಅರ್ಧಕ್ಕೇ ಬಿಡಬೇಕೇ?

ಅಗಾಥಾ ಕ್ರಿಸ್ಟಿಯ ಈ ಪತ್ತೇದಾರಿ ಕಾದಂಬರಿ ಬೇಸರ ತರಿಸುತ್ತಿದೆ, ಅರ್ಧಕ್ಕೇ ಬಿಡಲೇ ಎಂದಿದ್ದೀರಿ. ನಿಮ್ಮ ಬೇಸರಕ್ಕೆ ಕಾರಣ ಬಹುಶಃ ನಡುನಡುವೆ ಬರುವ ಕಸ್ಟ್ ಎಂಬಾತನ ಅಧ್ಯಾಯಗಳು. ಎರಡನೆಯ ಅಧ್ಯಾಯದಲ್ಲೇ ಕೊಲೆಗಾರನನ್ನು ತೋರಿಸಿದ ಮೇಲೆ, ಮೂರು ಕೊಲೆ ದಾಟಿ ಓದುವುದೇನಿದೆ ಎಂದು ಕೇಳಿದ್ದೀರಿ. ಮೊದಲ ಓದಿನಲ್ಲಿ ನಾನೂ ಹಾಗೆಂದುಕೊಂಡೇ ಪುಸ್ತಕ ಮಡಚಿಟ್ಟಿದ್ದೆ.

ಮೊದಲು ಆ ಅಧ್ಯಾಯಗಳ ತಲೆಬರಹ ನೋಡಿ. ಇದು ಕಥೆ ಹೇಳುವ ಹೇಸ್ಟಿಂಗ್ಸ್‌ನ ಸ್ವಂತ ನಿರೂಪಣೆಯಲ್ಲ ಎಂದು ಅಲ್ಲೇ ಹೇಳಿದೆ. ಅಲ್ಲಿ ಬರೆದಷ್ಟನ್ನೇ ಓದಿ, ಬಿಟ್ಟದ್ದನ್ನು ನೀವೇ ತುಂಬಿಕೊಳ್ಳಬೇಡಿ. ಅಗಾಥಾ ಕ್ರಿಸ್ಟಿ 1936ರಲ್ಲಿ ಹೂಡಿದ ಆಟವೇ ಅದು.

ಬಳಿಕ ಒಂದು ಹಾಳೆ ತೆಗೆದುಕೊಂಡು ಕೊಲೆಯಾದ ಮೂವರನ್ನು ಆಂಡೋವರ್‌ನ ಆಶರ್, ಬೆಕ್ಸ್‌ಹಿಲ್‌ನ ಬಾರ್ನಾರ್ಡ್, ಚರ್ಸ್ಟನ್‌ನ ಕ್ಲಾರ್ಕ್ ಎಂದು ಬರೆಯಿರಿ. ತಂಬಾಕಿನಂಗಡಿಯ ಮುದುಕಿ, ಹೋಟೆಲಿನಲ್ಲಿ ಬಡಿಸುವ ಹುಡುಗಿ, ಸಿರಿವಂತ ಸಂಗ್ರಾಹಕ. ಊರು, ಹೆಸರುಗಳ ಎ-ಬಿ-ಸಿ ಅಕ್ಷರಮಾಲೆಯನ್ನು ಮರೆತು ಒಬ್ಬೊಬ್ಬರ ಸುತ್ತಲಿನವರನ್ನು ಗಮನಿಸಿ. ಶವದ ಬಳಿ ಸಿಗುವ ರೈಲು ಮಾರ್ಗದರ್ಶಿ ಪುಸ್ತಕಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ.

ಪ್ರತಿ ಕೊಲೆಗೂ ಮುನ್ನ ಕೊಲೆಗಾರ ಬರೆಯುವ ಕಾಗದಗಳ ಮೇಲೆ ಮಾತ್ರ ಕಣ್ಣಿಡಿ. ಕೊಲೆಗಾರ ಪೊಲೀಸರಿಗೋ ಪತ್ರಿಕೆಗೋ ಬರೆಯದೆ ಖಾಸಗಿ ಪತ್ತೇದಾರ ಪಾಯ್ರೋಗೇ ಏಕೆ ಬರೆಯುತ್ತಾನೆ? ಮೂರನೆಯದು ತಡವಾಗಿ ತಲುಪಿದ್ದು ಹೇಗೆ? ಆ ಪುಟಗಳನ್ನು ಮತ್ತೊಮ್ಮೆ ಓದಿದರೆ ಕುತೂಹಲ ಮರಳೀತು. ಸರಣಿ ಕೊಲೆಯ ಕಥೆಯೇ ನಿಮಗೆ ಒಗ್ಗದಿದ್ದರೆ ಇದೂ ಕೆಲಸ ಮಾಡದಿರಬಹುದು.

ನಾಲ್ಕನೆಯ ಕೊಲೆಯ ಡಾಂಕಾಸ್ಟರ್ ಪ್ರಸಂಗ ಮುಗಿಯುವವರೆಗಾದರೂ ಓದಿ. ಆಮೇಲೆ ಇನ್ನೂ ಎಷ್ಟು ಪುಟ ಉಳಿದಿವೆ ಎಂದು ಎಣಿಸಿ ನಿರ್ಧರಿಸಿ. ಅಲ್ಲಿಯವರೆಗೆ ಕೊನೆಯ ಪುಟ ತಿರುವಬೇಡಿ.