ರಾಜ್ಯಪಾಲರಾಗಲು ಅರ್ಹತೆ ಏನು? ಅವಧಿ 5 ವರ್ಷ ಅಂತಾರೆ, ಕೆಲವರು ಅದಕ್ಕಿಂತ ಜಾಸ್ತಿ ಇರುವುದು ಹೇಗೆ?

ಅರ್ಹತೆ ಎರಡೇ. ಭಾರತದ ಪ್ರಜೆಯಾಗಿರಬೇಕು, 35 ವರ್ಷ ತುಂಬಿರಬೇಕು. ಸಂವಿಧಾನದ 157ನೇ ವಿಧಿ ಕೇಳುವುದು ಇಷ್ಟನ್ನೇ. ಡಿಗ್ರಿ ಬೇಕು ಅಂತ ಎಲ್ಲೂ ಇಲ್ಲ. ಸಂಸದರೋ ಶಾಸಕರೋ ನೇಮಕವಾದರೆ, ರಾಜ್ಯಪಾಲರಾಗಿ ಅಧಿಕಾರ ವಹಿಸಿಕೊಂಡ ದಿನವೇ ಅವರ ಸದಸ್ಯತ್ವ ಹೋಗುತ್ತದೆ.

ಇನ್ನು ಅವಧಿಯ ವಿಷಯ. 156ನೇ ವಿಧಿಯಲ್ಲಿ 5 ವರ್ಷ ಅಂತಲೇ ಇದೆ, ಆದರೆ ಅದರ ಜೊತೆಗೇ ಇನ್ನೊಂದು ಮಾತೂ ಇದೆ: ಅವಧಿ ಮುಗಿದರೂ ಮುಂದಿನವರು ಬಂದು ಅಧಿಕಾರ ವಹಿಸಿಕೊಳ್ಳುವ ತನಕ ಹಳಬರೇ ಮುಂದುವರಿಯಬೇಕು. ರಾಜ್ಯಪಾಲರ ಕುರ್ಚಿ ಖಾಲಿ ಬಿದ್ದರೆ ವಿಧೇಯಕಕ್ಕೆ ಸಹಿ ಹಾಕುವವರಿಲ್ಲ, ಮುಖ್ಯಮಂತ್ರಿಗೆ ಪ್ರಮಾಣವಚನ ಬೋಧಿಸುವವರಿಲ್ಲ, ಅದಕ್ಕೇ ಈ ಏರ್ಪಾಡು. ನಮ್ಮಲ್ಲೇ ನೋಡಿ, 2014ರ ಸೆಪ್ಟೆಂಬರ್‌ನಲ್ಲಿ ಬಂದ ವಜುಭಾಯಿ ವಾಲಾ 2021ರ ಜುಲೈವರೆಗೂ ಇದ್ದರು, ಆಮೇಲೆ ಥಾವರ್‌ಚಂದ್ ಗೆಹ್ಲೋಟ್ ಬಂದರು.

5 ವರ್ಷದ ಒಳಗೇ ತೆಗೆಯಬಹುದಾ? ತೆಗೆಯಬಹುದು. ರಾಷ್ಟ್ರಪತಿಗೆ ಇಷ್ಟವಿರುವವರೆಗೆ ಮಾತ್ರ ಈ ಹುದ್ದೆ, ಅಂದರೆ ವಾಸ್ತವದಲ್ಲಿ ಕೇಂದ್ರ ಸರ್ಕಾರದ ಸಲಹೆಯೇ ನಡೆಯುವುದು. 2004ರಲ್ಲಿ ಕೇಂದ್ರದಲ್ಲಿ ಸರ್ಕಾರ ಬದಲಾದ ಮೇಲೆ ನಾಲ್ಕು ರಾಜ್ಯಗಳ ರಾಜ್ಯಪಾಲರನ್ನು ತೆಗೆದುಹಾಕಿದರು. ಅದು ಸುಪ್ರೀಂ ಕೋರ್ಟ್‌ಗೆ ಹೋಗಿ, 2010ರಲ್ಲಿ ತೀರ್ಪು ಬಂತು: ಕಾರಣ ಬಹಿರಂಗವಾಗಿ ಹೇಳಬೇಕಿಲ್ಲ, ಆದರೆ ಸರಿಯಾದ ಕಾರಣ ಇರಲೇಬೇಕು, ಹೊಸ ಸರ್ಕಾರದ ರಾಜಕೀಯಕ್ಕೆ ಹೊಂದುವುದಿಲ್ಲ ಅಂತ ಸುಮ್ನೆ ತೆಗೆಯುವಂತಿಲ್ಲ. ನನ್ನ ಪ್ರಕಾರ ಬಹಳ ಮುಖ್ಯವಾದ ತೀರ್ಪು ಇದು, ರಾಜ್ಯಪಾಲರು ಕೇಂದ್ರದ ನೌಕರರಲ್ಲ ಅಂತ ಕೋರ್ಟ್ ಇದರಲ್ಲಿ ಸ್ಪಷ್ಟವಾಗಿ ಹೇಳಿತು.