ತಟ್ಟೆ ಬದಲಾಯಿಸಿದ ತಮ್ಮ

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಓದಿ ಪಕ್ಕಕ್ಕಿಟ್ಟೆ. ರಾತ್ರಿ ಎದ್ದು ಮತ್ತೆ ಓದಿದೆ. ಎರಡನೇ ಸಲ ಸಿಟ್ಟು ಬಂತು. ಯಾರ ಮೇಲೆ ಅನ್ನೋದನ್ನು ಆಮೇಲೆ ಹೇಳುತ್ತೇನೆ.

ಬರೆದವರು ತುಮಕೂರಿನಲ್ಲಿ ಪ್ರೈಮರಿ ಶಾಲೆ ಟೀಚರ್. ತವರು ತಿಪಟೂರು ಕಡೆಯ ಹಳ್ಳಿ. ಅಲ್ಲಿ ಅಮ್ಮ, 29 ವರ್ಷದ ತಮ್ಮ, ಸ್ವಲ್ಪ ತೆಂಗಿನ ತೋಟ. ತಮ್ಮ ಗೂಡ್ಸ್ ಆಟೋದಲ್ಲಿ ಮಾರ್ಕೆಟ್ಟಿಗೆ ಕೊಬ್ಬರಿ ಸಾಗಿಸುತ್ತಿದ್ದ. ಐದಾರು ವರ್ಷದಿಂದ ಕುಡಿತ. ಮೂರು ವರ್ಷದಿಂದ ಯಾರೋ ಬೈದ ಹಾಗೆ, ಹೆಸರು ಹಿಡಿದು ಕರೆದ ಹಾಗೆ ಕೇಳಿಸುತ್ತದೆ ಅನ್ನುತ್ತಾನೆ. ಆಟೋ ಈಗ ಕೊಟ್ಟಿಗೆಯಲ್ಲಿ ನಿಂತಿದೆ. ಒಂದು ಮದ್ಯವರ್ಜನ ಶಿಬಿರಕ್ಕೆ ಹೋಗಿಬಂದು ಎರಡು ತಿಂಗಳು ಮುಟ್ಟಲಿಲ್ಲ, ಆಮೇಲೆ ಮತ್ತೆ ಶುರು. ಕುಡಿತ ಬಿಡಿಸುವ ಸೆಂಟರ್ ಒಂದಕ್ಕೆ ಕರೆದುಕೊಂಡು ಹೋದರೆ “ಇದು ಮೆಂಟಲ್ ಕೇಸು, ನಾವು ತಗೊಳಲ್ಲ” ಅಂದರು. ಮನೋವೈದ್ಯರೊಬ್ಬರು “ಮೊದಲು ಕುಡಿತ ಬಿಡಿಸಿ, ಆಮೇಲೆ ಕರ್ಕೊಂಡು ಬನ್ನಿ” ಅಂದರು. ಸೋದರಮಾವ ಹೆಣ್ಣು ನೋಡುತ್ತಿದ್ದಾರೆ. ಟೀಚರ್ ಪ್ರಶ್ನೆ ಇದು: “ಕುಡಿದಿದ್ದಕ್ಕೆ ತಲೆ ಕೆಟ್ಟಿತೋ, ತಲೆ ಕೆಟ್ಟಿದ್ದಕ್ಕೆ ಕುಡಿದನೋ? ಯಾವುದಕ್ಕೆ ಮೊದಲು ಔಷಧಿ ಕೊಡಿಸಲಿ?”

ಆ ಪ್ರಶ್ನೆ ಸ್ವಲ್ಪ ಕಾಯಲಿ. ಟೀಚರ್, ನಿಮ್ಮದೇ ಪತ್ರದ ಎರಡನೇ ಪುಟವನ್ನೂ ನಾಲ್ಕನೇ ಪುಟವನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಎರಡನೇ ಪುಟದಲ್ಲಿ ತಮ್ಮನ ಹುಚ್ಚಾಟಗಳನ್ನು ಒಂದೊಂದಾಗಿ ಬರೆದಿದ್ದೀರಿ. ರಾತ್ರಿ ತೋಟದಲ್ಲಿ ಒಬ್ಬನೇ ಮಾತಾಡುತ್ತಾನೆ. ಕಿಟಕಿಗೆ ಗೋಣಿಚೀಲ ಕಟ್ಟಿದ್ದಾನೆ. “ಊಟಕ್ಕೆ ಏನೋ ಹಾಕ್ತಿದ್ದೀರಿ” ಎಂದು ಅಮ್ಮನ ಮೇಲೆ ರೇಗುತ್ತಾನೆ. ಮನೆಯ ಮುದ್ದೆ ಸಾರು ಬಿಟ್ಟು ಬಸ್ ಸ್ಟ್ಯಾಂಡ್ ಹತ್ತಿರ ಗಾಡಿಯಲ್ಲಿ ಎಗ್ ರೈಸ್ ತಿಂದು ಬರುತ್ತಾನೆ. ಒಂದು ದಿನ ಊಟಕ್ಕೆ ಕೂತವನು ತನ್ನ ತಟ್ಟೆಯನ್ನು ಅಮ್ಮನ ಮುಂದೆ ತಳ್ಳಿ ಅಮ್ಮನ ತಟ್ಟೆ ಎಳೆದುಕೊಂಡ. ಅಮ್ಮ ಗಾಬರಿಯಾಗಿ ಕಿತ್ತುಕೊಂಡರು. “ಇಷ್ಟು ಅನುಮಾನ ಹತ್ತಿದೆ ನೋಡಿ ಅವನಿಗೆ” ಎಂದು ಬರೆದಿದ್ದೀರಿ.

ನಾಲ್ಕನೇ ಪುಟದ ಕೆಳಗೆ, ಬ್ರಾಕೆಟ್ಟಿನೊಳಗೆ, ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿದೆ. ಮಾವ 3,500 ರೂಪಾಯಿ ಕೊಟ್ಟು ತಂದ ಕುಡಿತ ಬಿಡಿಸುವ ಪುಡಿಯನ್ನು ಅಮ್ಮ ಎರಡು ತಿಂಗಳಿಂದ ಸಾರಿಗೆ ಹಾಕಿ ಅವನಿಗೆ ಕೊಡುತ್ತಿದ್ದಾರೆ, ಅವನಿಗೆ ಗೊತ್ತಿಲ್ಲ.

ಅವನಿಗೆ ಗೊತ್ತಿದೆ, ಟೀಚರ್! ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಅವನಿಗೇ ಗೊತ್ತಿದೆ. ತೋಟದಲ್ಲಿ ಕೇಳಿಸುವ ದನಿ ಕಾಯಿಲೆಯದು ಇರಬಹುದು. ಸಾರಿನಲ್ಲಿ ಇರುವುದು ಪುಡಿಯೇ. ಅವನು ತಟ್ಟೆ ಬದಲಾಯಿಸಿ ಪರೀಕ್ಷೆ ಮಾಡಿದ, ಅಮ್ಮ ಕಿತ್ತುಕೊಂಡು ಉತ್ತರ ಕೊಟ್ಟರು. ಆಮೇಲೂ ಎಲ್ಲರೂ ಸೇರಿ “ಏನೂ ಇಲ್ಲ ಕಣೋ, ನಿನಗೆ ಭ್ರಮೆ” ಅಂದಿರಿ. ಯಾವುದು ನಿಜ, ಯಾವುದು ಭ್ರಮೆ ಎಂದು ಮೊದಲೇ ತಿಳಿಯದೆ ಒದ್ದಾಡುತ್ತಿರುವವನಿಗೆ, ಸರಿಯಾಗಿ ಹಿಡಿದ ಒಂದು ವಿಷಯವನ್ನೂ ಸುಳ್ಳು ಅಂದಿರಿ. ಇನ್ನು ನಾಳೆ ನೀವು ಅವನ ಕೈಗೆ ಮಾತ್ರೆ ಕೊಟ್ಟು “ನಿನ್ನ ಒಳ್ಳೇದಕ್ಕೇ” ಅಂದರೆ ಅವನು ಯಾಕೆ ನುಂಗಬೇಕು?

ಊಟದ ತಟ್ಟೆಯ ವಿಷಯದಲ್ಲಿ ನನಗೊಂದು ಹಠ ಇದೆ, ಈ ಅಂಕಣ ಓದುವವರಿಗೆ ಹಳೆಯ ಕಥೆ. ನಮ್ಮ ದೊಡ್ಡಪ್ಪನಿಗೆ ಮನಸ್ಸಿನ ಕಾಯಿಲೆ ಇತ್ತು. ದೊಡ್ಡಮ್ಮ ಬಾಳೆಹಣ್ಣು ಸೀಳಿ ಒಳಗೆ ಮಾತ್ರೆ ಇಟ್ಟು ಕೊಡುತ್ತಿದ್ದರು. ಒಂದು ದಿನ ಹಲ್ಲಿಗೆ ಸಿಕ್ಕಿತು. ದೊಡ್ಡಪ್ಪ ಮೊದಲು ಬಾಳೆಹಣ್ಣು ಬಿಟ್ಟರು, ಆಮೇಲೆ ಕಾಫಿ, ಆಮೇಲೆ ದೊಡ್ಡಮ್ಮ ಮಾಡಿದ ಯಾವುದನ್ನೂ ಮುಟ್ಟಲಿಲ್ಲ. ಎರಡು ವರ್ಷ ಪಕ್ಕದ ಮನೆಯಿಂದ ಊಟ ಹೋಗುತ್ತಿತ್ತು. ಕಾಯಿಲೆ ಎಷ್ಟೋ ಹತೋಟಿಗೆ ಬಂತು, ಆದರೆ ಆ ಊಟ ಮಾತ್ರ ಮನೆಗೆ ವಾಪಸ್ ಬರಲಿಲ್ಲ.

ಈಗ ಪುಡಿಯ ವಿಷಯ. ಅದರಲ್ಲಿ ಏನಿದೆ ಎಂದು ನಿಮ್ಮ ಮಾವನಿಗೂ ಗೊತ್ತಿಲ್ಲ, ಪ್ಯಾಕೆಟ್ ಮೇಲೂ ಬರೆದಿಲ್ಲ. ಆದರೆ ನೀವೇ ಬರೆದಿರುವ ಒಂದು ರಾತ್ರಿ ನನ್ನನ್ನು ಹೆದರಿಸಿತು. ಕುಡಿದು ಬಂದವನ ಮುಖ ಕೆಂಪಾಯಿತು, ಎದೆ ಹೊಡೆದುಕೊಂಡಿತು, ವಾಂತಿಯೋ ವಾಂತಿ, ಬೆವೆತು ಗೋಡೆಗೆ ಒರಗಿ ಕೂತ. ಮಾವ “ಪುಡಿ ಹಿಡೀತು” ಅಂದರಂತೆ. ಕುಡಿತ ಬಿಡಿಸಲು ಡಾಕ್ಟರು ಕೊಡುವ ಡೈಸಲ್ಫಿರಾಮ್ ಎಂಬ ಮಾತ್ರೆ ತಿಂದವರು ಹೆಂಡ ಮುಟ್ಟಿದರೆ ಆಗುವುದು ಸರಿಯಾಗಿ ಇದೇ. ಹೊಟ್ಟೆಗೆ ಹೋದ ಹೆಂಡ ಮೈಯಲ್ಲಿ ಪೂರ್ತಿ ಕರಗದೆ, ಅರ್ಧದಲ್ಲಿ ವಿಷವಾಗಿ ನಿಲ್ಲುತ್ತದೆ. ಬಿಪಿ ಕುಸಿಯಬಹುದು. ಹೃದಯ ಸರಿಯಿಲ್ಲದವರ ಜೀವವೇ ಹೋಗಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಇದರ ಪ್ರಭಾವ ಇರಬಹುದು. ಇನ್ನೂ ಒಂದು ವಿಷಯ: ಕೆಲವರಲ್ಲಿ ಈ ಮಾತ್ರೆ ಭ್ರಮೆ, ಅನುಮಾನಗಳನ್ನು ಜಾಸ್ತಿ ಮಾಡುತ್ತದೆ. ನಿಮ್ಮ ತಮ್ಮನಂಥವರಿಗೆ ಡಾಕ್ಟರು ಇದನ್ನು ಬರೆಯಬೇಕಾದರೆ ತುಂಬಾ ಯೋಚಿಸುತ್ತಾರೆ.

ಮಾತ್ರೆ ಕೆಟ್ಟದ್ದು ಅಂತಲ್ಲ. 1940ರ ದಶಕದಲ್ಲಿ ಡೆನ್ಮಾರ್ಕಿನಲ್ಲಿ ಹುಳದ ಔಷಧಿ ಹುಡುಕುತ್ತಿದ್ದ ಇಬ್ಬರು ಅದನ್ನು ತಾವೇ ನುಂಗಿ ನೋಡಿದರು. ಆಮೇಲೆ ಹೆಂಡ ಕುಡಿದಾಗ ಮೈ ಕೆಟ್ಟು ಒದ್ದಾಡಿದರು. ಕುಡಿತದ ಔಷಧಿಯಾಗಿ ಅದು ಬಳಕೆಗೆ ಬಂದದ್ದು ಹೀಗೆ. ಏನು ನುಂಗುತ್ತಿದ್ದೇವೆ ಎಂದು ಅವರಿಗಾದರೂ ಗೊತ್ತಿತ್ತು. ಈಗಲೂ ಅದನ್ನು ರೋಗಿಗೆ ಹೇಳಿ, ಒಪ್ಪಿಸಿಯೇ ಕೊಡುವುದು. ಕುಡಿದರೆ ಏನಾಗುತ್ತದೆ ಎಂದು ತಿಳಿದಿರುವುದರಿಂದಲೇ ಮನುಷ್ಯ ಕುಡಿಯದೆ ತಡೆದುಕೊಳ್ಳುತ್ತಾನೆ. ಗೊತ್ತಿಲ್ಲದವನಿಗೆ ಕೊಟ್ಟರೆ ಅದು ಬರೀ ವಿಷ ಹಾಕಿದ ಹಾಗೆ.

ಅಮ್ಮನ ಮೇಲೆ ನನಗೆ ಕೋಪ ಇಲ್ಲ. ಎಲ್ಲ ಬಾಗಿಲಲ್ಲೂ “ಇಲ್ಲಿ ಅಲ್ಲ, ಅಲ್ಲಿ ಹೋಗಿ” ಅನ್ನಿಸಿಕೊಂಡ ಹೆಂಗಸು, ಯಾರೋ ಕೈಗೆ ಪುಡಿ ಇಟ್ಟರೆ ಇನ್ನೇನು ಮಾಡುತ್ತಾರೆ? ಕೋಪ ಮಾವನ ಮೇಲೆ. ಅವರು “ಲಿಮಿಟ್ಟಿನಲ್ಲಿ” ಕುಡಿಯುತ್ತಾರಂತೆ, ನೀವೇ ಬರೆದಿದ್ದೀರಿ. ಲಿಮಿಟ್ಟಿನಲ್ಲಿ ಕುಡಿಯುವ ಮಾವಂದಿರು ನಮ್ಮಲ್ಲಿ ಮನೆಗೊಬ್ಬರು ಇದ್ದಾರೆ. ಇನ್ನೊಬ್ಬರ ಕುಡಿತಕ್ಕೆ ಔಷಧಿ ಹೇಳುವವರು ಅವರೇ. ಆ ಔಷಧಿಯೂ ಎರಡೇ: ಒಂದು ಪುಡಿ, ಇನ್ನೊಂದು ಮದುವೆ. ಟೀಚರ್, ಮಾವ ನೋಡುತ್ತಿರುವ ಆ ಹುಡುಗಿಗೂ ಒಬ್ಬಳು ಅಕ್ಕ ಇರಬಹುದು. ಸಾರಿಗೆ ಪುಡಿ ಹಾಕುವ ಕೆಲಸ ಅಮ್ಮನ ಕೈಯಿಂದ ಅವಳ ಕೈಗೆ ಹೋಗುತ್ತದೆ, ಅಷ್ಟೇ. ಹೆಣ್ಣು ನೋಡುವುದನ್ನು ಇವತ್ತೇ ನಿಲ್ಲಿಸಿ. ಇದರಲ್ಲಿ ಚರ್ಚೆ ಬೇಡ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಯಾವುದು ಮೊದಲು? ಸೆಂಟರಿನವರು, ಡಾಕ್ಟರು, ಮಾವ, ನೀವು, ನಾಲ್ಕು ಜನ ಇದನ್ನೇ ಕೇಳಿ ಮೂರು ವರ್ಷ ಕಳೆದಿರಿ. ಉತ್ತರ ಸಿಕ್ಕಿದ್ದರೆ ಅವನಿಗೆ ಆ ರಾತ್ರಿ ನಿದ್ದೆ ಬರುತ್ತಿತ್ತಾ? ಕಾಲು ಮುರಿದು ಜ್ವರವೂ ಬಂದವನಿಗೆ ಜ್ವರ ಇಳಿಸಿಕೊಂಡು ಬಾ, ಆಮೇಲೆ ಕಟ್ಟು ಹಾಕುತ್ತೇವೆ ಎಂದು ಯಾರೂ ಹೇಳುವುದಿಲ್ಲ. ಎರಡಕ್ಕೂ ಒಟ್ಟಿಗೆ, ಸಾಧ್ಯವಾದರೆ ಒಂದೇ ಕಡೆ ಚಿಕಿತ್ಸೆ ಆಗಬೇಕು. ಒಂದನ್ನು ಬಿಟ್ಟರೆ ಅದು ಇನ್ನೊಂದನ್ನು ಎಳೆದು ತರುತ್ತದೆ. ಯಾಕೆ ಅಂತ ನಿಮ್ಮ ತಮ್ಮನೇ ನಿಮಗೆ ಹೇಳಿದ್ದಾನೆ: “ಎರಡು ನೈಂಟಿ ಹಾಕಿದ್ರೆ ಅವರು ಸುಮ್ಮನಾಗ್ತಾರೆ ಅಕ್ಕ.” ಹೆಂಡ ಅವನಿಗೆ ಮಜಾ ಅಲ್ಲ, ಔಷಧಿ. ಕೆಟ್ಟ ಔಷಧಿ, ಆಮೇಲೆ ದನಿಗಳನ್ನು ಇನ್ನೂ ಜೋರು ಮಾಡುವ ಔಷಧಿ. ಆದರೆ ಅವನಿಗೆ ಸಿಕ್ಕಿದ್ದು ಅದೊಂದೇ.

ಯಾವುದು ಮೊದಲು ಅನ್ನುವುದು ಡಾಕ್ಟರಿಗೆ ಒಂದು ಮಟ್ಟಿಗೆ ಬೇಕು. ಬರೀ ಕುಡಿತದಿಂದ ಬಂದ ದನಿಗಳು ಸಾಮಾನ್ಯವಾಗಿ ಹೆಂಡ ಬಿಟ್ಟ ಕೆಲವು ದಿನ, ಕೆಲವು ವಾರಗಳಲ್ಲಿ ಅಡಗುತ್ತವೆ. ತಿಂಗಳು ದಾಟಿದರೂ ಹೋಗದಿದ್ದರೆ ಬೇರೆ ಕಾಯಿಲೆಯೇ ಇರಬಹುದು ಎಂದು ನೋಡುತ್ತಾರೆ. ಶಿಬಿರದ ನಂತರದ ಎರಡು ತಿಂಗಳು ಹನಿ ಮುಟ್ಟದೆ ಇದ್ದಾಗಲೂ ಅವನು ತೋಟದಲ್ಲಿ ಮಾತಾಡುತ್ತಿದ್ದ ಎಂದು ಬರೆದಿದ್ದೀರಿ. ಶಿಬಿರ ಫೇಲಾಯಿತು ಅಂತ ನೀವು ಓದಿಕೊಂಡಿರಿ. ಶಿಬಿರ ತನ್ನ ಕೆಲಸ ಮಾಡಿತ್ತು. ಇನ್ನೊಂದು ಕಾಯಿಲೆಯ ಕಡೆ ಯಾರೂ ತಿರುಗಿ ನೋಡಲಿಲ್ಲ. ನಾನು ಡಾಕ್ಟರ್ ಅಲ್ಲ, ಕಾಯಿಲೆಗೆ ಹೆಸರು ಇಡುವುದು ನನ್ನ ಕೆಲಸವೂ ಅಲ್ಲ. ಆ ಎರಡು ತಿಂಗಳ ವಿಷಯ ಡಾಕ್ಟರಿಗೆ ಹೇಳಿದಿರಾ? ಪತ್ರದಲ್ಲಿ ಹಾಗೆ ಕಾಣುವುದಿಲ್ಲ.

ನಾನು ಹೇಳುವುದು ಒಂದೇ ಕೆಲಸ. ಪುಡಿ ನಿಲ್ಲಿಸಿ, ನಿಲ್ಲಿಸಿದ್ದನ್ನೂ ಹಾಕಿದ್ದನ್ನೂ ತಮ್ಮನಿಗೆ ಹೇಳಿ.

ನಿಲ್ಲಿಸುವುದು ಈ ಉತ್ತರ ಓದಿದ ರಾತ್ರಿಯೇ, ಫೋನಿನಲ್ಲಿ. ಪ್ಯಾಕೆಟ್ ಎಸೆಯಬೇಡಿ ಎಂದು ಅಮ್ಮನಿಗೆ ಹೇಳಿ, ಡಾಕ್ಟರಿಗೆ ಬೇಕಾಗುತ್ತದೆ. ಮತ್ತೆ ಆ ರಾತ್ರಿಯ ಹಾಗೆ ಆದರೆ, ಎದೆ ನೋವು, ತಲೆ ಸುತ್ತು ಬಂದರೆ, ಪ್ಯಾಕೆಟ್ ಸಮೇತ ಸೀದಾ ಆಸ್ಪತ್ರೆ. ಹೇಳುವುದಕ್ಕೆ ನೀವೇ ಊರಿಗೆ ಹೋಗಿ. ಹೋಗುವ ಮೊದಲು 14416ಕ್ಕೆ ಫೋನ್ ಮಾಡಿ. ಟೆಲಿ-ಮಾನಸ್ ಅಂತ, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ, ಅಕ್ಟೋಬರ್ 2022ರಲ್ಲಿ ಶುರುವಾದದ್ದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ. ಹೇಗೆ ಹೇಳುವುದು ಎಂದು ಅವರ ಹತ್ತಿರ ಕೇಳಿಕೊಳ್ಳಿ. ದನಿಗಳು “ಸಾಯಿ” ಅಂತಲೋ “ಹೊಡಿ” ಅಂತಲೋ ಹೇಳುತ್ತಿವೆಯಾ ಎಂದು ತಮ್ಮನನ್ನು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ತುಂಬಿದ ಹಾಗಾಗುತ್ತದೆ ಅನ್ನುವುದು ಸುಳ್ಳು. ಹೌದು ಅಂದರೆ ಇನ್ನು ಮಾತಿಲ್ಲ, ಅವತ್ತೇ ಆಸ್ಪತ್ರೆ. ಅವನು ಕೈ ಎತ್ತಿದರೆ ಅಮ್ಮನನ್ನು ಕರೆದುಕೊಂಡು ಹೊರಗೆ ಬನ್ನಿ, 112ಕ್ಕೆ ಫೋನ್ ಮಾಡಿ.

ಹೇಳಬೇಕಾದದ್ದು ಬೆಳಿಗ್ಗೆ, ಅವನು ಕುಡಿಯದೇ ಇರುವಾಗ. ಮಾವ ಆ ದಿನ ಮನೆ ಹತ್ತಿರ ಇರಬಾರದು. ಮಾತು ಇಷ್ಟೇ ಸಾಕು: “ನಿನ್ನ ಊಟಕ್ಕೆ ಪುಡಿ ಹಾಕ್ತಿದ್ವಿ. ನೀನು ಹೇಳಿದ್ದು ನಿಜ. ನಾವು ಸುಳ್ಳು ಹೇಳಿದ್ವಿ. ನಿಲ್ಸಿದೀವಿ, ಇನ್ನು ಹಾಕಲ್ಲ.” ಇದಕ್ಕೆ “ಆದರೆ” ಸೇರಿಸಬೇಡಿ. “ಆದರೆ ಆ ದನಿಗಳು ಮಾತ್ರ ಸುಳ್ಳು” ಅಂತ ಪಾಠ ಮಾಡಬೇಡಿ. ನೀವು ಟೀಚರ್, ನಾಲಿಗೆ ತಡೆಯುವುದಿಲ್ಲ, ಆದರೂ ತಡೆಯಿರಿ. ಅವನು ಬೈದರೆ ಬೈಸಿಕೊಳ್ಳಿ. ಬಯ್ಯುವಷ್ಟು ಕಾರಣ ಅವನಿಗಿದೆ.

ಆಮೇಲೆ, ಅವತ್ತಲ್ಲದಿದ್ದರೆ ಇನ್ನೊಂದು ದಿನ, “ರಾತ್ರಿ ನಿದ್ದೆ ಬರೋದಕ್ಕೆ, ಅವರು ಸುಮ್ಮನಾಗೋದಕ್ಕೆ ಬೇರೆ ಏನಾದರೂ ಇದೆಯಾ ಅಂತ ಕೇಳ್ಕೊಂಡು ಬರೋಣ, ನಾನೂ ಬರ್ತೀನಿ” ಅನ್ನಿ. ಕುಡಿತ ಬಿಡಿಸಲು ಎಂದರೆ ಬರುವುದಿಲ್ಲ. ನಿದ್ದೆಗೆ ಎಂದರೆ ಬರಬಹುದು, ಅದು ಸುಳ್ಳೂ ಅಲ್ಲ. ಅಲ್ಲಿಯವರೆಗೆ ಹಠಾತ್ತಾಗಿ ಕುಡಿತ ನಿಲ್ಲಿಸಲು ಕೂಡಿಹಾಕುವ ಕೆಲಸ ಮಾತ್ರ ಮಾಡಬೇಡಿ. ದಿನಾ ಕುಡಿಯುವವರು ಒಮ್ಮೆಲೇ ಬಿಟ್ಟರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಮೂರನೇ ದಿನದ ಹೊತ್ತಿಗೆ ಮೈಮೇಲೆ ಎಚ್ಚರ ತಪ್ಪಿ ಬಡಬಡಿಸಬಹುದು. ಜೀವಕ್ಕೇ ಅಪಾಯ. ಬಿಡುವುದಿದ್ದರೆ ಡಾಕ್ಟರ ಕಣ್ಣಳತೆಯಲ್ಲೇ ಬಿಡಬೇಕು.

ಎಲ್ಲಿಗೆ ಹೋಗುವುದು? ನಿಮಗೆ ಹತ್ತಿರ ಅಂದರೆ ತುಮಕೂರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗ. ಕೆಲವು ತಾಲ್ಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಬರುತ್ತಾರೆ, ತಿಪಟೂರಿನಲ್ಲಿ ವಿಚಾರಿಸಿ. ಊರಿನ ಹತ್ತಿರವೇ ಮನಸ್ಸಿನ ಕಾಯಿಲೆಗೆ ಔಷಧಿ ಸಿಗಬೇಕು ಅನ್ನುವುದನ್ನು ಇಡೀ ದೇಶ ಕಲಿತದ್ದು ನಮ್ಮ ಬಳ್ಳಾರಿಯಿಂದ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಅಲ್ಲಿ ಮಾಡಿ ತೋರಿಸಿದ್ದೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಇಲ್ಲಿ ಆಗದಿದ್ದರೆ ಬೆಂಗಳೂರಿನ ನಿಮ್ಹಾನ್ಸ್. ವ್ಯಸನಕ್ಕೇ ಬೇರೆ ವಿಭಾಗ ಇದೆ, ಎರಡನ್ನೂ ಒಟ್ಟಿಗೆ ನೋಡುತ್ತಾರೆ. ಮತ್ತೆ ಯಾರಾದರೂ “ಇದು ನಮ್ಮದಲ್ಲ” ಅಂದರೆ, 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆ ಎಂದರೆ ಏನು ಎಂದು ಬರೆದಿರುವಲ್ಲೇ, ಹೆಂಡ ಮತ್ತು ಡ್ರಗ್ಸ್ ಸೇವನೆಯಿಂದ ಬರುವ ಮಾನಸಿಕ ತೊಂದರೆಗಳೂ ಸೇರಿವೆ ಎಂದು ಮೆತ್ತಗೆ ಹೇಳಿ. ಮೆತ್ತಗೆ, ಆದರೆ ಕುರ್ಚಿ ಬಿಟ್ಟು ಏಳಬೇಡಿ.

ಕೊನೆಗೆ, ಹೇಳಿದ ದಿನದ ಮಧ್ಯಾಹ್ನದ ಊಟ. ಅಮ್ಮ ಸಾರು ಮಾಡುವಾಗ ಅವನು ಬೇಕಾದರೆ ಅಡುಗೆಮನೆಯಲ್ಲೇ ಕೂರಲಿ. ಒಂದೇ ಪಾತ್ರೆ ತಂದು ನಡುವೆ ಇಡಿ, ಸೌಟು ಅವನ ಕೈಗೆ ಕೊಡಿ. ಮೂರು ತಟ್ಟೆಗೂ ಅವನೇ ಬಡಿಸಲಿ. ಯಾವ ತಟ್ಟೆ ಯಾರಿಗೆ ಅನ್ನೋದನ್ನೂ ಅವನೇ ಹೇಳಲಿ. ಮೊದಲ ತುತ್ತು ಅಮ್ಮ ತಿನ್ನಲಿ. ಅವನು ಅರ್ಧಕ್ಕೆ ಎದ್ದು ಎಗ್ ರೈಸ್ ಗಾಡಿಗೆ ಹೋದರೆ ಹೋಗಲಿ. ರಾತ್ರಿಗೂ ಹಾಗೇ ಮೂರು ತಟ್ಟೆ ಇಡಿ.